ತಂಗಿಯ ಬಗ್ಗೆಯೂ ಕೇಳಿದ ದೊಡ್ಡ ಮೇಡಂ

ಮಕ್ಕಳಾಗದ ದಂಪತಿಗಳ ಚಿಕಿತ್ಸೆಯಲ್ಲಿ ಮೂರು ದಶಕಗಳಿಗೂ ಮಿಕ್ಕು ದುಡಿದು, ಮೂವತ್ತೈದು ದಾಟಿದ ಹೆಣ್ಣಿನ ದೇಹದೊಳಗೆ ಸದ್ದಿಲ್ಲದೆ ನಡೆಯುವ ಬದಲಾವಣೆಗಳನ್ನು ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ತಿಳಿಸಿಕೊಟ್ಟ ವೈದ್ಯರ ಸಾಲಿನಲ್ಲಿ, ಈಗ ನಿವೃತ್ತರಾಗುತ್ತಿರುವ ನಮ್ಮ ವಿಭಾಗದ ಮುಖ್ಯಸ್ಥರಿಗೆ ಮುಂಚೂಣಿಯ ಸ್ಥಾನವಿದೆ. ಆಸ್ಪತ್ರೆಯ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವರು ದೊಡ್ಡ ಮೇಡಂ.

ಅವರು ಸೇವೆಗೆ ಸೇರಿದಾಗ ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಕಿರುಗುಟ್ಟುವ ಒಂದು ಮಂಚ, ಬಾಗಿಲಿಗೆ ಬದಲಾಗಿ ಇಳಿಬಿಟ್ಟ ಒಂದು ಬಟ್ಟೆ. ಬರುತ್ತಿದ್ದವರು ಹೆಂಗಸರು ಮಾತ್ರ. ಜೊತೆಗೆ ಅತ್ತೆಯೋ ನಾದಿನಿಯೋ. ಗಂಡನ ಪರೀಕ್ಷೆಯೂ ಆಗದೆ ಹೆಂಡತಿಗೆ ಒಂದು ಮಾತ್ರೆಯನ್ನೂ ಬರೆಯುವುದಿಲ್ಲವೆಂದು ಮೇಡಂ ಮೊದಲ ವರ್ಷವೇ ಪಟ್ಟು ಹಿಡಿದರು. "ನಮ್ಮ ಹುಡುಗನಿಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದಾನೆ" ಎಂದ ಅತ್ತೆಯೊಬ್ಬರಿಗೆ, "ಗುಂಡುಕಲ್ಲಿಗೆ ಮಕ್ಕಳಾಗಿದ್ದು ನಾನೆಲ್ಲೂ ನೋಡಿಲ್ಲಮ್ಮ, ಕರ್ಕೊಂಡು ಬನ್ನಿ" ಎಂದದ್ದನ್ನು ಹಳೆಯ ದಾದಿಯರು ಇಂದಿಗೂ ನೆನೆದು ನಗುತ್ತಾರೆ.

ಆದರೆ ಇಲ್ಲಿ ಮುಖ್ಯವಾಗಿ ದಾಖಲಿಸಬೇಕಾದದ್ದು, ಅವರ ಕೈಕೆಳಗೆ ಪಳಗಿದ, ನಾವೆಲ್ಲ ಚಿಕ್ಕ ಮೇಡಂ ಎಂದು ಕರೆಯುವ ಸಹೋದ್ಯೋಗಿಗೆ ಒದಗಿದ ಪ್ರಸಂಗ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯಲಾಗಿದೆ.

ವಿಭಾಗಕ್ಕೆ ಹೊಸ ಸ್ಕ್ಯಾನ್ ಯಂತ್ರ ಬಂದ ದಿನವದು. ತರಬೇತಿಯ ವೈದ್ಯರಿಗೆ ಅದರ ಬಳಕೆಯನ್ನು ತೋರಿಸಬೇಕಿತ್ತು. ಆ ಹೊತ್ತಿಗೆ ರೋಗಿಗಳಾರೂ ಇರಲಿಲ್ಲ. ಮೂವತ್ತೇಳರ ಚಿಕ್ಕ ಮೇಡಂ "ನಾನೇ ಮಲಗ್ತೀನಿ ಬಿಡಿ" ಎಂದು ನಗುತ್ತ ಮಂಚ ಹತ್ತಿದರು. ಮದುವೆಯಾಗಿ ಆರು ವರ್ಷವಾಗಿತ್ತು. ಕೆಲಸ ಒಂದು ಹದಕ್ಕೆ ಬಂದ ಮೇಲೆ ಮಗು ಎಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು. ದೊಡ್ಡ ಮೇಡಂ ಗರ್ಭಕೋಶವನ್ನು ತೋರಿಸಿದರು, ಎಡದ ಅಂಡಾಶಯಕ್ಕೆ ಬಂದರು, ಬಲಕ್ಕೆ ಹೋದರು, ಮತ್ತೆ ಎಡಕ್ಕೆ ಬಂದರು. ವಿವರಿಸುತ್ತಿದ್ದ ಮಾತು ಅರ್ಧಕ್ಕೇ ನಿಂತಿತು.

ಚಿತ್ರ ಚಿಕ್ಕ ಮೇಡಂ ಅವರಿಗೂ ಕಾಣುತ್ತಿತ್ತು. ಅಂಡಾಣುಗಳನ್ನು ಹೊತ್ತ ಪುಟ್ಟ ಕಪ್ಪು ಗುಳ್ಳೆಗಳು ಆ ವಯಸ್ಸಿನಲ್ಲೂ ಹತ್ತಾರು ಇರಬೇಕಾದಲ್ಲಿ, ಎಡಕ್ಕೊಂದು, ಬಲಕ್ಕೊಂದು. ದಿನವೂ ಇತರರಿಗೆ ಓದಿ ಹೇಳುವಂಥ ಆ ಚಿತ್ರ ತನ್ನದೇ ಎಂಬುದು ತಲೆಗೆ ಹೋಗಲು ಒಂದು ಗಳಿಗೆ ಬೇಕಾಯಿತು.

ದೊಡ್ಡ ಮೇಡಂ ಯಂತ್ರ ಆರಿಸಿ, "ಇದನ್ನ ಇನ್ನೂ ಸರಿಯಾಗಿ ಹೊಂದಿಸ್ಬೇಕು. ನೀವೆಲ್ಲ ಟೀ ಕುಡಿದು ಬನ್ನಿ" ಎಂದು ಉಳಿದವರನ್ನು ಸಾಗಹಾಕಿ ಬಾಗಿಲು ಹಾಕಿದರು.

"ಮೇಡಂ, ನನಗೆ ತಿಂಗಳು ತಿಂಗಳು ಸರಿಯಾಗಿಯೇ ಆಗ್ತಿದೆಯಲ್ಲ."

"ಹಾಗೆ ಹೇಳ್ದವರಿಗೆ ನೀನು ಏನು ಉತ್ತರ ಕೊಡ್ತೀಯ?"

ಮುಟ್ಟು ಸರಿಯಿದ್ದ ಮಾತ್ರಕ್ಕೆ ಅಂಡಾಣುಗಳ ದಾಸ್ತಾನು ಸರಿಯಿದೆ ಎಂದಲ್ಲ, ಉಳಿದವುಗಳ ಗುಣವೂ ವಯಸ್ಸಿನೊಂದಿಗೆ ಕುಂದುತ್ತದೆ, ಗರ್ಭ ನಿಂತರೂ ಕಳಚಿಹೋಗುವ ಸಂಭವ ಹೆಚ್ಚುತ್ತದೆ ಎಂದು ನಿತ್ಯವೂ ಹೇಳುತ್ತಿದ್ದವರು ಚಿಕ್ಕ ಮೇಡಂ ಅವರೇ. ಸಿಗರೇಟಿನ ಚಟ, ಅಂಡಾಶಯಕ್ಕೆ ಹಿಂದೆ ಆದ ಶಸ್ತ್ರಚಿಕಿತ್ಸೆ, ಹೀಗೆ ಬೇಗ ಬರಿದಾಗಲು ಇರುವ ಕಾರಣಗಳನ್ನು ದೊಡ್ಡ ಮೇಡಂ ಒಂದೊಂದಾಗಿ ಕೇಳಿದರು. ಯಾವುದೂ ಇರಲಿಲ್ಲ.

"ನಿಮ್ಮಮ್ಮನಿಗೆ ಯಾವ ವಯಸ್ಸಲ್ಲಿ ಮುಟ್ಟು ನಿಂತಿತು?"

ಸಾವಿರಾರು ಹೆಂಗಸರನ್ನು ಕೇಳಿದ್ದ ಈ ಪ್ರಶ್ನೆಯನ್ನು ಚಿಕ್ಕ ಮೇಡಂ ತಮ್ಮ ತಾಯಿಯನ್ನು ಕೇಳಿರಲೇ ಇಲ್ಲ. ಅಲ್ಲಿಂದಲೇ ಫೋನ್ ಮಾಡಿದರು.

"ನಲವತ್ತಕ್ಕೇ ನಿಂತುಹೋಯ್ತು ಕಣೆ" ಎಂದರು ತಾಯಿ. "ನೀನಾಗ ಪರೀಕ್ಷೆಗೆ ಓದ್ತಿದ್ದೆ. ಅದನ್ನೆಲ್ಲ ಮಕ್ಕಳ ಹತ್ರ ಹೇಳ್ಕೊಳ್ಳೋಕಾಗುತ್ತಾ? ಯಾಕೆ, ಏನಾಯ್ತು?"

ಆಮೇಲೆ ತಿಳಿಸುವುದಾಗಿ ಹೇಳಿ ಚಿಕ್ಕ ಮೇಡಂ ಫೋನ್ ಇಟ್ಟರು. ದೊಡ್ಡ ಮೇಡಂ ಆಕೆಯ ಭುಜ ಹಿಡಿದುಕೊಂಡೇ ಮೆಲ್ಲಗೆ ಕೇಳಿದರು, "ನಿನಗೊಬ್ಬಳು ತಂಗಿ ಇದ್ದಾಳಲ್ವಾ? ಅವಳನ್ನೂ ಕರೆಸು."

ಕಟ್ಟಡಗಳ ನಕ್ಷೆ ಬರೆಯುವ ತಂಗಿಗೆ ಆಗ ಮೂವತ್ತೊಂದು; ಮದುವೆಯ ಯೋಚನೆಯೇ ಇರಲಿಲ್ಲ. ಅವಳ ದಾಸ್ತಾನೂ ವಯಸ್ಸಿಗಿಂತ ಬೇಗ ಇಳಿಯುತ್ತಿತ್ತು. ಮೇಡಂ ಎಲ್ಲವನ್ನೂ ತಿಳಿಸಿ ಹೇಳಿ, ಅವಳು ಒಪ್ಪಿದ ಮೇಲೆ ಸಿಕ್ಕಷ್ಟು ಅಂಡಾಣುಗಳನ್ನು ತೆಗೆದು, ಮುಂದೆ ಅವಳಿಗೆ ಬೇಕಾದೀತೆಂದು ಶೈತ್ಯದಲ್ಲಿ ಇರಿಸಿದರು.

ಇತ್ತ ಚಿಕ್ಕ ಮೇಡಂ ಅವರ ಚಿಕಿತ್ಸೆಯೂ ಶುರುವಾಗಿತ್ತು. ಗಂಡನ ಪರೀಕ್ಷೆಯಲ್ಲಿ ದೋಷವಿರಲಿಲ್ಲ. ಪ್ರಯೋಗಾಲಯದಲ್ಲಿ ಅಂಡಾಣುವನ್ನೂ ವೀರ್ಯವನ್ನೂ ಕೂಡಿಸಿದರೂ ಮೊದಲ ಸಲ ಭ್ರೂಣವೇ ಆಗಲಿಲ್ಲ. ಎರಡನೆಯ ಸಲ ಗರ್ಭ ನಿಂತಿತು. ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗಲೇ, ಒಂಬತ್ತನೆಯ ವಾರದಲ್ಲಿ ಕಳಚಿಹೋಯಿತು.

ಆಗ ತಂಗಿ ಬಂದಳು. "ನನ್ನ ಅಂಡಾಣುಗಳನ್ನ ಅಕ್ಕನಿಗೆ ಕೊಟ್ಬಿಡಿ ಮೇಡಂ. ನನಗಂತೂ ಈಗ ಬೇಡ."

ಚಿಕ್ಕ ಮೇಡಂ ತಲೆಯೆತ್ತಲಿಲ್ಲ. ಬೇಡವೆನ್ನಬೇಕೆಂದು ಗೊತ್ತಿತ್ತು, ಅನ್ನಲಾಗಲಿಲ್ಲ.

"ಆಗಲ್ಲ" ಎಂದರು ದೊಡ್ಡ ಮೇಡಂ. "ಈಗ ಬೇಡ ಅಂತ ನಿಮ್ಮಕ್ಕನೂ ಅಂದ್ಕೊಂಡಿದ್ದಳು. ಇರೋದೇ ಇಷ್ಟು, ಇದಕ್ಕೆ ನಾನು ಕೈ ಹಾಕಲ್ಲ." ಬಳಿಕ ಚಿಕ್ಕ ಮೇಡಂ ಕಡೆ ತಿರುಗಿದರು. "ಬೇರೆ ಕಡೆ ಹೋದ್ರೆ ಮಾಡಿಕೊಡಬಹುದು, ನಾನು ತಡೆಯೋಕಾಗಲ್ಲ. ಆದ್ರೆ ಹೋಗ್ಬೇಡ."

ಹೆತ್ತ ತಾಯಿಯಂತೆ ಕಂಡವರೇ ಹೀಗೆ ಬಾಗಿಲು ಮುಚ್ಚಿದ್ದು ಚಿಕ್ಕ ಮೇಡಂ ಅವರಿಗೆ ಕಪಾಳಕ್ಕೆ ಹೊಡೆದಂತಾಯಿತು. ಬಹಳ ದಿನ ಅವರು ಕೆಲಸಕ್ಕೆ ಬೇಕಾದಷ್ಟಲ್ಲದೆ ಬೇರೆ ಮಾತಾಡಲಿಲ್ಲ. ದೊಡ್ಡ ಮೇಡಂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬಸುರಿಯರನ್ನು ನೋಡುವ ಕೆಲಸವನ್ನೆಲ್ಲ ಯಾರಿಗೂ ಹೇಳದೆ ತಮ್ಮ ಮೇಲೆ ಹಾಕಿಕೊಂಡರು. ಮಧ್ಯಾಹ್ನ ಊಟದ ಡಬ್ಬಿ ತಂದು ಅವರ ಪಕ್ಕದಲ್ಲೇ ಕುಳಿತು, ಮಾತಿಲ್ಲದೆ ಉಂಡು ಎದ್ದುಹೋಗುತ್ತಿದ್ದರು. ಅಪರಿಚಿತ ದಾನಿಯ ಅಂಡಾಣು ಪಡೆಯುವ ದಾರಿಯನ್ನೂ ತಿಳಿಸಿದರು. ದಂಪತಿಗಳು ಯೋಚಿಸಿ, ಇನ್ನು ಸಾಕೆಂದು ತೀರ್ಮಾನಿಸಿದಾಗ, ಅದಕ್ಕೂ ಜೊತೆ ನಿಂತರು.

ತಂಗಿಯ ಮದುವೆಯಾಗುವಷ್ಟರಲ್ಲಿ ಮೂವತ್ತಾರು ತುಂಬಿತ್ತು. ಅಷ್ಟರಲ್ಲಿ ಅವಳ ಅಂಡಾಶಯಗಳು ಬಹುಮಟ್ಟಿಗೆ ಬರಿದಾಗಿದ್ದವು. ಶೈತ್ಯದಲ್ಲಿದ್ದವನ್ನು ಹೊರತೆಗೆದಾಗ ಪ್ರಯೋಗಾಲಯದಲ್ಲಿ ಚಿಕ್ಕ ಮೇಡಂ ಕೂಡ ನಿಂತಿದ್ದರು. ಅಷ್ಟರಲ್ಲೂ ಭ್ರೂಣವಾಗಿ ಉಳಿದದ್ದು ಒಂದೇ ಒಂದು. ತಂಗಿಯ ಮಾತಿಗೆ ಅಂದು ಮೇಡಂ ಹೂಂ ಅಂದಿದ್ದರೆ ಈ ಒಂದೂ ಅವಳಿಗೆ ಉಳಿಯುತ್ತಿರಲಿಲ್ಲ ಎಂಬುದು ಚಿಕ್ಕ ಮೇಡಂ ಅವರಿಗೆ ಆಗ ಹೊಳೆಯಿತು. ಹೋದ ವರ್ಷ ಹುಟ್ಟಿದ ಆ ಹೆಣ್ಣುಮಗುವನ್ನು ದೊಡ್ಡ ಮೇಡಂ ಮೊದಲು ಇಟ್ಟದ್ದು ದೊಡ್ಡಮ್ಮನಾದ ಚಿಕ್ಕ ಮೇಡಂ ಕೈಯಲ್ಲಿ.

ನಿವೃತ್ತಿಯ ಬಳಿಕ ಹೊಲಿಗೆ ಕಾರ್ಖಾನೆಗಳಿಗೂ ಕಚೇರಿಗಳಿಗೂ ಹೋಗಿ ಎಳೆಯ ಹೆಣ್ಣುಮಕ್ಕಳೊಡನೆ ಮಾತಾಡಲು ಮೇಡಂ ನಿರ್ಧರಿಸಿದ್ದಾರೆ. ಚಿಕ್ಕ ಮೇಡಂ ತಾವೂ ಬರುವುದಾಗಿ ಹೇಳಿ ಆಗಲೇ ರಜೆ ಹಾಕಿದ್ದಾರೆ. ಹಿರಿಯರಾದ ಮೇಡಂ ಅವರಿಗೆ ಆಯುಸ್ಸು ಆರೋಗ್ಯಗಳು ತುಂಬಿ ಬರಲಿ. ತಾಯಂದಿರು ಹೇಳದೆ ಉಳಿಸಿದ್ದನ್ನು ಹೆಣ್ಣುಮಕ್ಕಳು ಕಾಲ ಮೀರುವ ಮೊದಲೇ ಮೇಡಂ ಬಾಯಿಂದ ಕೇಳುವಂತಾಗಲಿ ಎಂದು ವಿಭಾಗದ ನಾವೆಲ್ಲರೂ ಮನಸಾರೆ ಹಾರೈಸುತ್ತೇವೆ.