ಶನಿವಾರದ ಜೋಳಿಗೆ

ನನ್ನ ಬಾಯಿಗಿಂತ ಕೈ ಮುಂದೆ. ಹನೂರಿನಾಚೆ ಕಾಡಂಚಿನ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿದಷ್ಟು ಕಾಲವೂ ಆ ಕೆಟ್ಟ ಗುಣ ನನ್ನನ್ನು ಬಿಡಲಿಲ್ಲ. ಒಂದು ಸೋಮವಾರ ಬಿಸಿಯೂಟದ ಸಾಲಿನಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಪಕ್ಕದ ಪುಟ್ಟ ಹುಡುಗನ ಮೊಟ್ಟೆಗೆ ಕೈ ಹಾಕಿದಳು. ಅವನು ಬಿಡಲಿಲ್ಲ. ಅವಳು ಅವನ ಮಣಿಕಟ್ಟು ಕಚ್ಚಿ, ರಕ್ತ ಬರಿಸಿ ಕಿತ್ತುಕೊಂಡಳು. ನಾನು ಹಿಂದುಮುಂದು ನೋಡದೆ ಅವಳ ಕೆನ್ನೆಗೆ ಎರಡು ಬಾರಿಸಿದೆ. ಏಟು ಬೀಳುತ್ತಿದ್ದರೂ ಅವಳು ಅಗಿಯುತ್ತಲೇ ಇದ್ದಳು.

"ಒಡೀಬ್ಯಾಡಿ ಮಿಸ್," ಎಂದಳು ಅಡುಗೆಯಾಕೆ. "ಶನಿವಾರ ಇಲ್ಲಿ ಉಂಡಿದ್ದೇಯ, ಆಮ್ಯಾಕೆ ಏನೂ ತಿಂದಿಲ್ಲ. ಅವ್ರ ಜ್ವಾಳವ ಆನೆ ತುಳ್ದಾಕದೆ. ಮನೇಲಿ ಒಲೆ ಅತ್ತಿಲ್ಲ."

ನನ್ನ ಮೇಲೆ ನನಗೇ ಅಸಹ್ಯವಾಯಿತು. ಮುಂದಿನ ಶನಿವಾರ, ಭಾನುವಾರಕ್ಕಾಗುವಷ್ಟು ರಾಗಿಹಿಟ್ಟು, ಹುರುಳಿಕಾಳು, ಒಂದಚ್ಚು ಬೆಲ್ಲ ತಂದೆ. ಮನೆಯಲ್ಲಿದ್ದ ಕಾವಿ ಬಟ್ಟೆಯಲ್ಲಿ ಚೀಲ ಹೊಲಿದು ಅವಳ ಹೆಗಲಿಗೆ ಹಾಕಿದೆ. ಮಾದಪ್ಪನ ಹರಕೆ ಹೊತ್ತವರು ಮನೆಮನೆ ಭಿಕ್ಷೆ ಎತ್ತುವ ಜೋಳಿಗೆಯೂ ಹಾಗೇ ಇರುತ್ತದೆ. ಹರಕೆಯಿಲ್ಲದೆ ಅದನ್ನು ಹೊತ್ತವರನ್ನು ಊರು ತಿರುಕರೆನ್ನುತ್ತದೆ. ಕೊಳ್ಳೇಗಾಲದಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿತ್ತು, ಆದರೆ ಅವತ್ತು ಹೊಳೆಯಲಿಲ್ಲ.

"ಏನವ್ವ, ಭಿಕ್ಷೆ ಸಂದಾಗಿ ಬಿತ್ತಾ?" ಎಂದು ದಾರಿಯ ಜಗಲಿಯ ಮೇಲಿದ್ದವರು ಮನೆಗೆ ಹೊರಟಿದ್ದ ಅವಳನ್ನು ನೋಡಿ ನಕ್ಕರಂತೆ. ಹೊಲದಿಂದ ಬರುತ್ತಿದ್ದ ಅವಳ ಅಪ್ಪನ ಕಿವಿಗೆ ಆ ಮಾತು ಬಿತ್ತು.

ಶಾಲೆಗೆ ಬೀಗ ಹಾಕುತ್ತಿದ್ದ ನನಗೆ ಚೀರಾಟ ಕೇಳಿಸಿತು. ಓಡಿದೆ. ನಡುಬೀದಿಯಲ್ಲಿ ಹಿಟ್ಟು ಚೆಲ್ಲಿತ್ತು. ಹುಡುಗಿ ಅದರ ಮೇಲೆ ಮುದುಡಿ ಬಿದ್ದಿದ್ದಳು, ಹುಬ್ಬು ಒಡೆದು ಹಿಟ್ಟೆಲ್ಲ ಕೆಂಪಾಗಿತ್ತು. ಎತ್ತು ಹೊಡೆಯುವ ಬಾರುಕೋಲು ಅವಳ ಬೆನ್ನ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು.

"ನನ್ ಮಗಳ ಎಗಲ್ಗೆ ಜೋಳಿಗೆ ಆಕ್ದೋರು ಯಾರು?"

"ನಾನೇ ಕಣಯ್ಯ," ಎಂದು ಅಡ್ಡ ನುಗ್ಗಿದೆ. ಬಾರು ನನ್ನ ಕತ್ತಿಗೆ ಸುತ್ತಿತು. ಕೋಲು ಕಿತ್ತುಕೊಂಡು, ಅದು ಮುರಿಯುವವರೆಗೂ ಅವನಿಗೆ ಬಡಿದೆ. ಸುಳ್ಳೇಕೆ, ನನಗದು ಹಿತವಾಗಿತ್ತು. ಯಾರೋ ನಮ್ಮಿಬ್ಬರನ್ನೂ ಎಳೆದು ಬಿಡಿಸಿದರು.

ಅವನು ಹಿಟ್ಟಿನ ಪಕ್ಕ ಕುಸಿದು ಕೂತ. "ಅವ್ಳು ಅಸ್ದಿರೋದು ನಂಗೆ ಕಾಣಲ್ವಾ ಮಿಸ್ಸಮ್ಮ? ನೋಡಕಾಗ್ದೆ ತಾನೆ ದಿನವೆಲ್ಲ ಒಲ್ದಲ್ಲೇ ಬಿದ್ದಿರ್ತೀನಿ."

ಕೈಯಲ್ಲಿ ಉಳಿದಿದ್ದ ಕೋಲಿನ ತುಂಡನ್ನು ಬಿಸಾಡಿ ಹುಡುಗಿಯನ್ನು ಎತ್ತಿಕೊಂಡೆ.

ಮುಂದಿನ ಶನಿವಾರ ಬಿಸಿಯೂಟದ ಹೊತ್ತಿಗೆ ಅವಳ ಕಿವಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ನಾನೇ ಮನೆಗೆ ಹಿಟ್ಟು ತಂದುಕೊಡುತ್ತೇನೆ ಎಂದೆ. "ಬ್ಯಾಡಿ ಮಿಸ್, ಅಪ್ಪ ಸಾಯ್ಸ್ಬುಡ್ತದೆ," ಎಂದು ತಟ್ಟೆ ಮುಂದೆ ಮಾಡಿದಳು. ಎರಡು ಸಲ ಬಡಿಸಿದೆವು, ಮೂರು ಸಲ ಬಡಿಸಿದೆವು. ನಲ್ಲಿಯ ಹತ್ತಿರ ಹೋಗಿ ಅಷ್ಟೂ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಬಂದು ಮತ್ತೆ ತಟ್ಟೆ ಹಿಡಿದಳು.

"ಸಾಕು ಕಣೇ," ಎಂದೆ.

"ಇದು ನಾಳೇದು ಮಿಸ್," ಎಂದಳು.