ಎರಡು ಹೆಸರಿನ ಕ್ಲೇಮು

ಬೈಲಹೊಂಗಲದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಸರಕಾರಿ ವಿಮೆಯ ಕಾಗದಗಳೂ ನನ್ನ ಮೇಜಿನಿಂದಲೇ ಹೋಗಬೇಕು. ಹಿಂದೊಮ್ಮೆ ಕಾಗದ ಸರಿಯಿಲ್ಲವೆಂದು ಕೆಲವು ಕ್ಲೇಮುಗಳು ವಾಪಸು ಬಂದು ನರ್ಸುಗಳ ಪಗಾರ ನಿಂತಿತ್ತು. ಒಬ್ಬಾಕೆ ನನ್ನೆದುರು ನಿಂತು ಅತ್ತಳು. ಅಂದಿನಿಂದ ಕಾಗದದ ವಿಷಯದಲ್ಲಿ ನಾನು ಕಲ್ಲಾದೆ. ಜನ ಬೆನ್ನ ಹಿಂದೆ ಬೈದದ್ದು ಕಿವಿಗೆ ಬಿದ್ದರೆ ಒಳಗೊಳಗೇ ಹಿಗ್ಗುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ಸಾಲಹಳ್ಳಿಯಿಂದ ಒಬ್ಬ ಹೆಣ್ಣುಮಗಳನ್ನು ಆಕೆಯ ಅಣ್ಣ ಕರೆತಂದ. ಸಕ್ಕರೆ ಕಾಯಿಲೆ, ಬಲಗಾಲಿನ ಹೆಬ್ಬೆರಳು ಕೊಳೆತಿತ್ತು. ಡಾಕ್ಟರು ನನ್ನ ಕೋಣೆಗೆ ಬಂದು, "ಇವತ್ತ ಬೆರಳ ತಗದ್ರ ಪಾದ ಉಳೀತದ. ಕಾಗದ ಲಗೂನ ನೋಡ್ರಿ," ಎಂದರು.

ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ನಮ್ಮ ಕಡೆ ಮದುವೆಯಾದ ಹುಡುಗಿಗೆ ಗಂಡನ ಮನೆಯವರು ಹೊಸ ಹೆಸರಿಡುವುದುಂಟು. ಈಕೆ ಗಂಡನ ಊರು ದೊಡವಾಡದಲ್ಲಿ ಬಾಳುವೆ ಮಾಡುವಾಗ ರೇಷನ್ ಕಾರ್ಡಿಗೆ ಆ ಹೆಸರು ಹತ್ತಿತ್ತು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಆಧಾರ್ ಮಾಡಿಸಿದಾಗ ಅಲ್ಲಿಯವರು ಕರೆಯುವ ಹಳೆಯ ಹೆಸರನ್ನೇ ಕೊಟ್ಟಿದ್ದಳು.

"ಯವ್ವಾ, ಇವು ಇಬ್ಬರ ಹೆಸರಾಗ್ತಾವ. ನಡಿಯಂಗಿಲ್ಲ," ಎಂದೆ.

"ಎರಡೂ ನಾನರೀ ಯಪ್ಪಾ," ಎಂದಳು ಬೆಂಚಿನ ಮೇಲೆ ಕಾಲು ಚಾಚಿಕೊಂಡು.

ನನಗೇನು ಗೊತ್ತಿರಲಿಲ್ಲವೇ? ನನ್ನ ಹೆಂಡತಿಗೂ ಎರಡು ಹೆಸರಿವೆ. ಆದರೂ ಎರಡೂ ಹೆಸರು ಒಬ್ಬಳವೇ ಎಂದು ವಕೀಲರಿಂದ ಬಾಂಡ್ ಪೇಪರ್ ಮಾಡಿಸಿ ತರಲು ಅಣ್ಣನನ್ನು ಅಟ್ಟಿದೆ; ಅದೂ ಅವರದೇ ತಾಲ್ಲೂಕು ರಾಮದುರ್ಗದ್ದೇ ಆಗಬೇಕೆಂದೆ. ರೊಕ್ಕ ಕಟ್ಟಿ ಆಪರೇಷನ್ ಮಾಡಿಸುವ ಶಕ್ತಿ ಅವರಿಗಿರಲಿಲ್ಲ.

ಸಂಜೆ ಡಾಕ್ಟರು ಮತ್ತೆ ಬಂದರು. "ಏನ್ರಿ, ಮಾಡಿಬಿಡೂಣೇನು?"

"ಮಂಜೂರಿ ಇಲ್ಲದ ಮಾಡಿದ್ರ ರೊಕ್ಕ ಬರಂಗಿಲ್ರಿ ಸಾಹೇಬ್ರ."

ಅವರು ಒಳಹೋದರು. ಬೇಡವೆಂದವರು ಅವರಲ್ಲ, ನಾನು.

ಭಾನುವಾರ ವಕೀಲರ ಕಚೇರಿಗೆ ರಜೆ. ಎರಡು ಸಲ ವಾರ್ಡಿಗೆ ಹೋಗಿ ಆಕೆಯನ್ನು ಮಾತಾಡಿಸಿದೆ, ಕಾಲಿನ ಕಡೆ ನೋಡಲಿಲ್ಲ. ಸೋಮವಾರ ಸಂಜೆ ಅಣ್ಣ ಕಾಗದ ತಂದಾಗ ಪಾದವೆಲ್ಲ ಕಪ್ಪಾಗಿತ್ತು. ಬೆರಳಿನ ಬದಲು ಕಾಲಿಗೆ ಮಂಜೂರಿ ಕೇಳಿದೆ, ಬಂತು. ಮೊಣಕಾಲಿನ ಕೆಳಗೆ ತೆಗೆದರು.

ಬೆರಳಿಗಿಂತ ಕಾಲಿಗೆ ಸರಕಾರ ಹೆಚ್ಚು ಕೊಡುತ್ತದೆ. ಕ್ಲೇಮು ಒಂದು ಪೈಸೆಯೂ ಕಡಿತವಾಗದೆ ಪಾಸಾಯಿತು. ಮುಂದೆ ಆಡಿಟರು ಅದೇ ಫೈಲು ತೆರೆದು, "ಕಾಗದ ಅಂದ್ರ ಹಿಂಗಿರಬೇಕು ನೋಡ್ರಿ," ಎಂದು ಹೊಗಳಿದರು. ನನಗೆ ನಾಚಿಕೆಯಾಯಿತು.

ಅದಕ್ಕಿಂತ ಹೆಚ್ಚು ಕಾಡುವುದು ಆಕೆ ಮನೆಗೆ ಹೊರಟ ದಿನ. ಅಣ್ಣ ಗಾಲಿ ಕುರ್ಚಿ ತಳ್ಳಿಕೊಂಡು ನನ್ನ ಮೇಜಿನ ಹತ್ತಿರ ಬಂದ. ಆಕೆ ಕೈಮುಗಿದಳು.

"ನೀವು ಕಾಗದ ಮಾಡಸಾಕ ಹಚ್ಚಿದ್ರಿ, ದವಾಖಾನಿಗೆ ಒಂದ್ ರೂಪಾಯಿ ಖರ್ಚ ಆಗಲಿಲ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ."

ಶನಿವಾರವೇ ಮಾಡಿದ್ದರೆ ಪಾದ ಉಳಿಯುತ್ತಿತ್ತೆಂದು ಆಕೆಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. "ಹುಷಾರಿಲೆ ಹೋಗಿ ಬರ್ರಿ," ಎಂದೆ.