ತಿಮ್ಮಯ್ಯನ ಜೀಪಿಗೆ ತಾಮ್ರದ ರೇಡಿಯೇಟರ್

ಅರಿಶಿನ ಹಾಕಿದರೆ ರೇಡಿಯೇಟರಿನ ತೂತು ಮುಚ್ಚಿಕೊಳ್ಳುತ್ತದೆ ಎಂದು ತಿಮ್ಮಯ್ಯನಿಗೆ ಯಾವ ಮಹಾನುಭಾವ ಹೇಳಿಕೊಟ್ಟನೋ, ಕೈಗೆ ಸಿಕ್ಕಿದ್ದರೆ ನಾನೇ ನಾಲ್ಕು ಬಾರಿಸುತ್ತಿದ್ದೆ. ಹಳೇ ಡ್ರೈವರುಗಳೆಲ್ಲ ಮಾಡುವ ಕೆಲಸವೇ ಅದು, ಇಲ್ಲವೆನ್ನುವುದಿಲ್ಲ. ನೀರು ಸೋರಿದರೆ ಒಂದು ಹಿಡಿ ಅರಿಶಿನದ ಪುಡಿ ಸುರಿದು ಹೇಗೋ ಊರು ಸೇರಿಕೊಳ್ಳುತ್ತಾರೆ. ಈ ಪುಣ್ಯಾತ್ಮ ಎರಡು ಕಾಫಿ ಸೀಸನ್ನು ಅದರಲ್ಲೇ ಗಾಡಿ ಓಡಿಸಿದ! ಅವನ ಹೆಂಡತಿ ಸುನಂದಮ್ಮ ನನ್ನ ಪಂಕ್ಚರ್ ಅಂಗಡಿ ಮುಂದೆ ನಿಂತು, "ಸಾರಿಗಾಕಕ್ಕೆ ಚಿಟಿಕೆ ಅರಿಶಿನ ಇಲ್ಲ ಕಣ್ ಮಂಚಯ್ಯಣ್ಣ, ಆ ಜೀಪಿಗೆ ದಿನಾ ಅಬ್ಬ" ಎಂದು ಬೈಯುತ್ತಿದ್ದಳು.

ನಮ್ಮೂರು ಪಿರಿಯಾಪಟ್ಟಣದ ಹತ್ತಿರ. ತಿಮ್ಮಯ್ಯ ಹೊಗೆಸೊಪ್ಪಿನ ಲಾರಿಯಲ್ಲಿ ಕ್ಲೀನರಾಗಿ, ಬೈಗುಳ ತಿಂದು ಸ್ಟೀರಿಂಗ್ ಕಲಿತು, ಆಮೇಲೆ ಈ ಹಳೇ ಡೀಸೆಲ್ ಜೀಪು ಕೊಂಡವನು. ಕಾಫಿ ಕುಯ್ಲು ಶುರುವಾದರೆ ಊರಿನ ಹೆಂಗಸರನ್ನು ಬೆಳಗ್ಗೆ ತುಂಬಿಕೊಂಡು, ಕುಶಾಲನಗರ ದಾಟಿ, ಸುಂಟಿಕೊಪ್ಪದ ಮೇಲಿನ ತೋಟಕ್ಕೆ ಬಿಟ್ಟು, ಸಂಜೆ ವಾಪಸ್ ಕರೆತರುತ್ತಾನೆ. ಸುನಂದಮ್ಮನೂ ಅದೇ ಜೀಪಿನಲ್ಲಿ ಹಣ್ಣು ಕುಯ್ಯಲು ಹೋಗುತ್ತಾಳೆ. ಆ ಸೀಸನ್ನಿನ ಬಾಡಿಗೆಯೇ ಅವನ ಮನೆಗೆ ವರ್ಷದ ಅನ್ನ. ಯಾರಾದರೂ ತಡವಾದರೆ ಬಿಟ್ಟು ಹೋಗುವವನಲ್ಲ, ಬಾಯಿಗೆ ಬಂದಂತೆ ಬೈದುಕೊಂಡು ಕಾಯುತ್ತಾನೆ.

ಈ ಜನವರಿಯಲ್ಲಿ ಒಂದು ಬೆಳಗ್ಗೆ, ಆನೆಕಾಡಿನ ಏರಿನಲ್ಲಿ ಜೀಪು ಕುದಿದು ನಿಂತಿತು. ಸುತ್ತ ಮಂಜು. ಹೆಂಗಸರು ಇಳಿದು ನಿಂತರೆ ಪಕ್ಕದಲ್ಲೇ ಬಿದಿರು ಮುರಿದ ಸದ್ದು. ಆನೆ! ಎಲ್ಲರೂ ಕಿರುಚಿಕೊಂಡು ಹಿಂದಕ್ಕೆ ಓಡಿದರು. ವಯಸ್ಸಾದ ಚಿಕ್ಕಸಿದ್ದಮ್ಮ ಮಾತ್ರ ಓಡಲಾರದೆ ರಸ್ತೆಯ ಮೇಲೆ ಕೂತುಬಿಟ್ಟಳು. ಗಾಡಿ ಹೊರಡಿಸಲೇಬೇಕೆಂದು ತಿಮ್ಮಯ್ಯ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಕುದಿನೀರು ಚಿಮ್ಮಿ ಮೊಣಕೈತನಕ ಸುಟ್ಟಿತು. ಆನೆ ಈಚೆಗೆ ಬರಲಿಲ್ಲ, ಅವರ ಹಣೆಬರಹ ಚೆನ್ನಾಗಿತ್ತು. ಹಿಂದಿನಿಂದ ಬಂದ ಲಾರಿಯವನು ಹೆಂಗಸರನ್ನು ಹತ್ತಿಸಿಕೊಂಡು ಹೋದ.

ಜೀಪನ್ನು ಊರಿಗೆ ಎಳೆಸಿ ತಂದು, ಮಧ್ಯಾಹ್ನ ರೇಡಿಯೇಟರ್ ಬಿಚ್ಚಿ, ನಾವಿಬ್ಬರೂ ನನ್ನ ಬೈಕಿನಲ್ಲಿ ಹುಣಸೂರಿಗೆ ಹೊರಟೆವು. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು, ಆ ದರಿದ್ರದ ತೂಕವನ್ನು ತೊಡೆಯ ಮೇಲಿಟ್ಟುಕೊಂಡು ಅವನು ಹಿಂದೆ ಕೂತಿದ್ದ. ದಾರಿಯುದ್ದಕ್ಕೂ ಹಳದಿ ನೀರು ನನ್ನ ಅಂಗಿಯ ಬೆನ್ನಿಗೆ ಸೋರಿತು. ಕೂಲಿಯಾಳುಗಳನ್ನು ಒದಗಿಸುವ ಮೇಸ್ತ್ರಿ ಚೆಲುವರಾಜು ದಾರಿಯಲ್ಲೇ ಫೋನ್ ಮಾಡಿದ. "ತಿಮ್ಮಯ್ಯಣ್ಣ, ಕಾಫಿ ಅಣ್ಣೆಲ್ಲ ನೆಲಕ್ಕುದುರ್ತಾ ಅವೆ. ಸಾವ್ಕಾರ್ರು ನನ್ ಪ್ರಾಣ ತಿಂತಾವ್ರೆ. ನಾಳೆ ನಿನ್ ಗಾಡಿ ಬರ್ನಿಲ್ಲ ಅಂದ್ರೆ ಬ್ಯಾರೆ ಗಾಡಿ ಮಾಡ್ಕತೀನಿ. ಬೇಜಾರ್ ಮಾಡ್ಕಬ್ಯಾಡ."

ಹುಣಸೂರಿನ ರೇಡಿಯೇಟರ್ ಅಂಗಡಿಯ ಮಾದೇವ ಮೇಲಿನಿಂದ ನೀರು ಹುಯ್ದು ನೋಡಿದ. ಕೆಳಗಿನ ಕೊಳವೆಗೆ ತೊಟ್ಟೂ ಇಳಿಯಲಿಲ್ಲ. "ಏನಣ್ಣ ಇದು, ಮದ್ವೆ ಗಂಡಿಗೆ ಹಚ್ಚೋ ಅಷ್ಟು ಅರಿಶಿನ ತುಂಬಿದ್ದೀಯ! ಇನ್ನು ತೊಳುದ್ರೂ ಬರಲ್ಲ" ಎಂದ.

ಹಾಗಾದರೆ ಬೇರೆ ಏನಿದೆ ಎಂದು ಕೇಳಿದೆವು. ಮಾದೇವ ಒಳಗಿನಿಂದ ಹೊಸದೊಂದು ತಂದ. ಅಲ್ಯೂಮಿನಿಯಂನದು, ತಲೆಗೂ ಬುಡಕ್ಕೂ ಪ್ಲಾಸ್ಟಿಕ್ ಟ್ಯಾಂಕು. ಸಣ್ಣ ಗಾಡಿಯದು, ಪಟ್ಟಿ ಬೆಸೆದು ಸಂಜೆಯೊಳಗೆ ಕೂರಿಸಬಹುದು. ಇಲ್ಲದಿದ್ದರೆ ಹಳೇ ಹಿತ್ತಾಳೆ ಟ್ಯಾಂಕುಗಳನ್ನು ಉಳಿಸಿಕೊಂಡು, ನಡುವೆ ನೀರು ಹರಿಯುವ ತಾಮ್ರದ ಕೊಳವೆಗಳ ಹೊಸ ಕೋರ್ ಬೆಸೆಯಬೇಕು. ಅದು ಮೈಸೂರಿನಿಂದ ಬರಬೇಕು, ನಾಳೆ ಸಂಜೆಯಾಗುತ್ತದೆ.

"ಇದುನ್ನೇ ಆಕ್ಬುಡ್ಲಾ, ನಾಳೆಗಾಯ್ತದೆ" ಎಂದೆ ನಾನು.

"ಆಕೊಡ್ತೀನಿ. ಬಯಲಲ್ಲಿ ಓಡುಸ್ಲಿ" ಎಂದ ಮಾದೇವ. "ಜನ ತುಂಬ್ಕಂಡು ಗಾಟಿ ಮಾತ್ರ ಅತ್ತಿಸ್ಬ್ಯಾಡಿ. ಆ ಇಂಜಿನ್ ಶಾಖಕ್ಕೆ ಇದು ತಡಿಯಲ್ಲ. ಅತ್ತಿಸುದ್ರೆ ನಿಮ್ ಅದೃಷ್ಟ."

ತಿಮ್ಮಯ್ಯ ಆ ಹೊಸದನ್ನು ಎತ್ತಿ ನೋಡಿದ, ಇಟ್ಟ, ಮತ್ತೆ ಎತ್ತಿದ. ನನಗೆ ರೇಗಿಹೋಯಿತು. "ಒಂದಿನ ಓಡಿಸ್ಲಾ, ಬಾಡಿಗೆ ಉಳ್ಸ್ಕೊ! ಆಮೇಲೆ ತಾಮ್ರದ್ದೇ ಆಕ್ಸುವಂತೆ."

"ಆ ಒಂದಿನಾನೇ ಕಾಡಲ್ಲಿ ನಿಂತೋದ್ರೆ? ಚಿಕ್ಕಸಿದ್ದಮ್ಮ ರೋಡಲ್ಲಿ ಕುಂತಿದ್ದುನ್ನ ನೀನ್ ನೋಡಿಲ್ಲ ಕಣ್ಲಾ ಮಂಚ."

ಮೇಸ್ತ್ರಿಗೆ ಅವನೇ ಫೋನ್ ಮಾಡಿದ. "ಒಂದೇ ಒಂದು ದಿನ ಕಣಪ್ಪ, ನಿನ್ ಕಾಲಿಗೆ ಬೀಳ್ತೀನಿ" ಎಂದ. ಆ ಕಡೆಯಿಂದ ಏನು ಬಂತೋ, ಫೋನನ್ನು ಕಿವಿಯಿಂದ ತೆಗೆದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತ. ಅತ್ತ. ಇಷ್ಟು ವರ್ಷದ ಸ್ನೇಹದಲ್ಲಿ ನಾನು ಅವನ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಆಮೇಲೆ ಅವನೇ ಎದ್ದು, "ತಾಮ್ರದ್ದೇ ಆಕು ಮಾದೇವ" ಎಂದ.

ಮರುದಿನ ಸುನಂದಮ್ಮ ಕೆಲಸಕ್ಕೆ ಹೋಗಲಿಲ್ಲ. ಗಂಡನ ಗಾಡಿ ಬಿಟ್ಟು ಇನ್ನೊಬ್ಬರ ಗಾಡಿ ಹತ್ತಲಾರೆ ಎಂದು ಮನೆಯಲ್ಲೇ ಉಳಿದಳು. ಸಂಜೆ ರೇಡಿಯೇಟರ್ ಕೂತಿತು. ಊರಾಚೆಯ ಏರಿನಲ್ಲಿ ನಾಲ್ಕು ಸಲ ಹತ್ತಿಸಿ ಇಳಿಸಿದೆವು, ಶಾಖದ ಮೀಟರಿನ ಮುಳ್ಳು ಅರ್ಧ ದಾಟಲಿಲ್ಲ. ಬಾನೆಟ್ ಮೇಲೆ ಕೈಯಿಟ್ಟು ತಿಮ್ಮಯ್ಯ ಮಗುವಿನಂತೆ ನಕ್ಕ.

ಅದರ ಮರುದಿನ ಬೆಳಗ್ಗೆ ಅವನು ಜೀಪು ತೊಳೆದು ತಂದು ನಿಲ್ಲಿಸಿದಾಗ, ನನ್ನ ಅಂಗಡಿ ಮುಂದೆ ಬೇರೊಂದು ಹೊಸ ಗಾಡಿ ನಿಂತಿತ್ತು. ಹೆಂಗಸರು ಆಗಲೇ ಅದರೊಳಗಿದ್ದರು. ಒಬ್ಬರೂ ಅವನ ಮುಖ ನೋಡಲಿಲ್ಲ.

"ಸೀಸನ್ ಪೂರ್ತಿಗೆ ಮಾತಾಡ್ಬುಟ್ಟೆ ಕಣಣ್ಣ" ಎಂದ ಚೆಲುವರಾಜು. "ಒಂದಿನಕ್ಕೆ ಅಂತ ಯಾವನ್ ಬತ್ತಾನೆ, ನೀನೇ ಏಳು?"

ಥೂ, ಎಂಥ ಜನ್ಮವೋ! ನಾನು ಮೇಸ್ತ್ರಿಯ ಕೊರಳಪಟ್ಟಿ ಹಿಡಿಯಲು ಹೋದೆ. ತಿಮ್ಮಯ್ಯನೇ ತಡೆದ. ಸುನಂದಮ್ಮ ಬುತ್ತಿ ಹಿಡಿದು ನಿಂತಿದ್ದಳು. ಗಂಡನನ್ನು ನೋಡಿದಳು, ಆ ಗಾಡಿಯನ್ನು ನೋಡಿದಳು. "ಇಬ್ರೂ ಮನೇಲ್ ಕುಂತ್ರೆ ಒಲೆ ಉರಿಯಕ್ಕಿಲ್ಲ" ಎಂದು ಅಳುತ್ತಲೇ ಹತ್ತಿದಳು.

ಮೇಸ್ತ್ರಿ ಒಳಗೆ ಎಣಿಸಿ, "ಕುಯ್ಯಕ್ಕೆ ಒಂದಾಳು ಕಮ್ಮಿ" ಎಂದ.

ತಿಮ್ಮಯ್ಯ ಜೀಪಿನ ಕೀಲಿಯನ್ನು ನನ್ನ ಕೈಗೆ ಕೊಟ್ಟ. ಆ ಗಾಡಿಯ ಹಿಂಬದಿಗೆ ಹೋಗಿ, ಹೆಂಗಸರ ನಡುವೆ ಹತ್ತಿ ಕುಳಿತ.

ಸಂಜೆ ಸುನಂದಮ್ಮ ನನ್ನ ಅಂಗಡಿಗೆ ಬಂದಳು. "ಆನೆಕಾಡಿನ ಏರಲ್ಲಿ ನಮ್ಮೋರ ಬಲಗಾಲು ಸುಮ್ಕಿರ್ನಿಲ್ಲ ಕಣಣ್ಣ" ಎಂದಳು. "ಒಂದೊಂದು ತಿರುವಿಗೂ ತಾನೇ ಗಾಡಿ ಓಡುಸ್ತಿರಂಗೆ ಕಾಲಡಿ ಬರೀ ತಗಡುನ್ನ ಒತ್ತೋದು, ಬುಡೋದು. ಪಕ್ಕದೋರೆಲ್ಲ ನೋಡ್ತಾ ಇದ್ರು. ಕೊನೆಗೆ ನಾನೇ ಆ ಕಾಲ್ ಮ್ಯಾಲೆ ನನ್ ಕಾಲಿಟ್ಟು, ತೋಟ ಬರೋಗಂಟ ಇಡ್ಕೊಂಡಿದ್ದೆ."